ಕೊಡಗಿನ ಸಣ್ಣ ಉದ್ದಿಮೆಗೆ ಯಾವ ತೆರಿಗೆ ಪದ್ಧತಿ, ಯಾವ ಸಾಲ?

ಕೊಡಗಿನಲ್ಲಿ ಸಣ್ಣ ಉದ್ದಿಮೆ ನಡೆಸುವವರ ಕೈಗೆ ಹಣ ವರ್ಷವಿಡೀ ಒಂದೇ ಸಮನೆ ಬರುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನ ಕಾಲದಲ್ಲಿ ಪೇಟೆಯಲ್ಲಿ ದುಡ್ಡು ಓಡಾಡುತ್ತದೆ, ಏಪ್ರಿಲ್ ಮತ್ತು ಮೇ ತಿಂಗಳ ರಜೆಯಲ್ಲಿ ಪ್ರವಾಸಿಗರು ತುಂಬುತ್ತಾರೆ, ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಹಲವು ಅಂಗಡಿಗಳಲ್ಲಿ ದಿನದ ವ್ಯಾಪಾರ ಬಾಡಿಗೆಗೂ ಸಾಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ, ಮಣ್ಣು ಬೀಳದ ಊರುಗಳ ಹೋಂಸ್ಟೇಗಳೂ ತಿಂಗಳುಗಟ್ಟಲೆ ಖಾಲಿ ಉಳಿದವು. ಆದರೆ ಬ್ಯಾಂಕಿನ ಕಂತು ಮಾತ್ರ ತಪ್ಪದೆ ತಿಂಗಳಿಗೊಮ್ಮೆ ಬಂತು. ಆದ್ದರಿಂದ ಸರ್ಕಾರದ ತೆರಿಗೆ ಸೌಲಭ್ಯಗಳನ್ನೂ ಸಾಲ, ಸಹಾಯಧನಗಳನ್ನೂ ಹೋಲಿಸುವಾಗ ಎಷ್ಟು ಶೇಕಡಾ ಸಿಗುತ್ತದೆ ಎಂಬ ಪ್ರಶ್ನೆಗಿಂತ ಮೊದಲು ಹಣ ಯಾವಾಗ ಕೈಗೆ ಬರುತ್ತದೆ, ಯಾವಾಗ ಕೈಬಿಡುತ್ತದೆ ಎಂಬುದನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಇದರ ಜತೆಗೆ ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಬೇಕು. ತೆರಿಗೆಯ ಆಯ್ಕೆಯೂ ಸಾಲದ ಆಯ್ಕೆಯೂ ಒಂದಕ್ಕೊಂದು ಅಂಟಿಕೊಂಡಿವೆ. ತೆರಿಗೆ ಕಡಿಮೆಯಾಗಲೆಂದು ಈ ವರ್ಷ ತೋರಿಸಿದ ಲಾಭವನ್ನೇ ಮುಂದಿನ ವರ್ಷ ಬ್ಯಾಂಕಿನವರು ನೋಡಿ ಸಾಲದ ಮೊತ್ತವನ್ನು ನಿಗದಿಪಡಿಸುತ್ತಾರೆ.

ಜಿಎಸ್‌ಟಿ: ನೋಂದಣಿ ಬೇಡವೇ, ರಾಜಿ ತೆರಿಗೆಯೇ, ಸಾಮಾನ್ಯ ಪದ್ಧತಿಯೇ

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ, ಸೇವೆ ಒದಗಿಸುವವರು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸರಕು ಮತ್ತು ಸೇವೆ ಎರಡೂ ಇದ್ದವರಿಗೆ 20 ಲಕ್ಷದ ಮಿತಿಯೇ ಅನ್ವಯಿಸುತ್ತದೆ. ಮಿತಿಯೊಳಗಿದ್ದವರಿಗೆ ನೋಂದಣಿ ಬೇಡವೆಂಬುದು ಸರಳ ಉತ್ತರವಾದರೂ, ಕೊಡಗಿನ ಮಟ್ಟಿಗೆ ಅದಕ್ಕೊಂದು ದೊಡ್ಡ ಅಪವಾದವಿದೆ. ರಾಜ್ಯದ ಗಡಿಯಾಚೆಗೆ ಸರಕು ಕಳುಹಿಸುವವರು ಮೊದಲ ರೂಪಾಯಿಯ ಮಾರಾಟದಿಂದಲೇ ನೋಂದಾಯಿಸಿಕೊಳ್ಳಬೇಕು. ಮಾಕುಟ್ಟದ ದಾರಿಯಲ್ಲಿ ಇರಿಟ್ಟಿಗೆ, ಕುಟ್ಟದ ದಾರಿಯಲ್ಲಿ ವಯನಾಡಿಗೆ ಜೀಪಿನಲ್ಲಿ ಸರಕು ಹೋಗುವುದು ನಮ್ಮಲ್ಲಿ ದಿನನಿತ್ಯದ ಮಾತು. ವಿರಾಜಪೇಟೆಯಿಂದ ಬೆಂಗಳೂರಿಗೆ ಹೋಗುವ ಕಾಫಿ ಪುಡಿಯ ಪಾರ್ಸೆಲ್ ಕಾನೂನಿನ ಕಣ್ಣಿಗೆ ರಾಜ್ಯದೊಳಗಿನ ಮಾರಾಟವಾದರೆ, ಅದಕ್ಕಿಂತ ಎಷ್ಟೋ ಹತ್ತಿರದ ಕಣ್ಣೂರಿಗೆ ಹೋಗುವ ಪಾರ್ಸೆಲ್ ಅಂತರರಾಜ್ಯ ಮಾರಾಟವಾಗುತ್ತದೆ. ಕೇರಳದ ಪ್ರವಾಸಿಗರು ಮಡಿಕೇರಿಯ ಅಂಗಡಿಗೇ ಬಂದು, ಬಿಲ್ಲಿನಲ್ಲಿ ವಿಳಾಸ ಬರೆಸದೆ, ಕೈಯಲ್ಲಿ ಹಿಡಿದುಕೊಂಡು ಹೋಗುವ ಪೊಟ್ಟಣ ಮಾತ್ರ ರಾಜ್ಯದೊಳಗಿನ ಮಾರಾಟವೇ.

ಮಿತಿ ದಾಟಿದವರ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ಕಾಂಪೋಸಿಷನ್ ಎಂದೇ ಎಲ್ಲರೂ ಕರೆಯುವ ರಾಜಿ ತೆರಿಗೆ. 1.5 ಕೋಟಿ ರೂಪಾಯಿವರೆಗೆ ವಹಿವಾಟಿರುವ ವ್ಯಾಪಾರಿಗಳೂ ತಯಾರಕರೂ ಇದರಲ್ಲಿ ಶೇ 1ರಷ್ಟನ್ನು ಕಟ್ಟಿದರೆ ಸಾಕು; ಮದ್ಯ ಬಡಿಸದ ಹೋಟೆಲುಗಳಿಗೆ ಇದು ಶೇ 5, ವಹಿವಾಟು 50 ಲಕ್ಷದೊಳಗಿರುವ ಇತರ ಸೇವೆಗಳಿಗೆ ಶೇ 6. ಆದರೆ ಈ ತೆರಿಗೆಯನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ತಾನು ಖರೀದಿಸಿದ ಸಾಮಾನಿನ ಮೇಲಿನ ತೆರಿಗೆಯನ್ನು ವಜಾ ಪಡೆಯುವಂತಿಲ್ಲ, ರಾಜ್ಯದ ಹೊರಗೆ ಮಾರುವಂತಿಲ್ಲ. ಎರಡನೆಯದು ಸಾಮಾನ್ಯ ಪದ್ಧತಿ. ಅದರಲ್ಲಿ ಗಿರಾಕಿಯಿಂದ ತೆರಿಗೆ ವಸೂಲು ಮಾಡಿ, ಖರೀದಿಯ ಮೇಲೆ ಕೊಟ್ಟದ್ದನ್ನು ಕಳೆದು, ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕು.

ಸುಂಟಿಕೊಪ್ಪದಲ್ಲಿ ಬೆಳೆಗಾರರಿಂದ ಕಾಫಿ ಬೀಜ ಕೊಂಡು, ಹುರಿದು, ಪುಡಿ ಮಾಡಿ ಮಾರುವ ಒಬ್ಬ ಮಹಿಳೆಯ ವಹಿವಾಟು ವರ್ಷಕ್ಕೆ 50 ಲಕ್ಷ ರೂಪಾಯಿ ಎಂದುಕೊಳ್ಳೋಣ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದ ಕಾಫಿಗೆ ಶೇ 5 ಇದೆ. ರಾಜಿ ತೆರಿಗೆಯಲ್ಲಿ ಅವರು ತಮ್ಮ ಕೈಯಿಂದ ಕಟ್ಟುವುದು 50,000 ರೂಪಾಯಿ. ಸಾಮಾನ್ಯ ಪದ್ಧತಿಗೆ ಹೋದರೆ, ಪುಡಿಯ ಬೆಲೆ ಏರಿಸಲಾಗದೆ ತೆರಿಗೆಯನ್ನು ಅದೇ ಬೆಲೆಯೊಳಗೆ ಸೇರಿಸಿಕೊಳ್ಳಬೇಕಾದ ಪಕ್ಷದಲ್ಲಿ, ಸುಮಾರು 2.38 ಲಕ್ಷ ರೂಪಾಯಿ ತೆರಿಗೆಯ ಪಾಲಿಗೆ ಹೋಗುತ್ತದೆ. ಮುಖ್ಯ ಕಚ್ಚಾವಸ್ತುವಿಗೇ ತೆರಿಗೆ ಇಲ್ಲದ ಕಾರಣ ವಜಾ ಪಡೆಯಲು ಪ್ಯಾಕಿಂಗ್ ಸಾಮಗ್ರಿ, ಯಂತ್ರದ ರಿಪೇರಿಯಂಥ ಬಾಬುಗಳಷ್ಟೇ ಉಳಿಯುತ್ತವೆ; ಶೇ 18ರ ದರದಲ್ಲಿ 4 ಲಕ್ಷ ರೂಪಾಯಿಯ ಖರೀದಿ ಇದ್ದರೂ ಸಿಗುವ ವಜಾ 72,000 ರೂಪಾಯಿ. ಹೀಗಾಗಿ ಅಂಗಡಿಗೆ ಬರುವ ಗಿರಾಕಿಯನ್ನೇ ನಂಬಿದ ಪುಡಿ ವ್ಯಾಪಾರಕ್ಕೆ ರಾಜಿ ತೆರಿಗೆಯೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದೇ ಮಹಿಳೆ ರೆಸಾರ್ಟುಗಳಿಗೂ ದೊಡ್ಡ ಅಂಗಡಿಗಳಿಗೂ ಪುಡಿ ಪೂರೈಸಲು ಹೊರಟರೆ ಲೆಕ್ಕ ಬದಲಾಗಬಹುದು, ಏಕೆಂದರೆ ಮರುಮಾರಾಟ ಮಾಡುವ ಅಂಗಡಿಯವರು ತಮಗೆ ವಜಾ ಸಿಗುವ ಬಿಲ್ಲನ್ನೇ ಕೇಳುತ್ತಾರೆ. ಕಣ್ಣೂರಿಗೋ ಚೆನ್ನೈಗೋ ಒಂದು ಪಾರ್ಸೆಲ್ ಕಳುಹಿಸುವ ಆಲೋಚನೆ ಇದ್ದರೂ ರಾಜಿ ತೆರಿಗೆಯನ್ನು ಆಯ್ದುಕೊಳ್ಳಬಾರದು.

ರಾಜಿ ತೆರಿಗೆಯವರು ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿ ವರ್ಷಕ್ಕೊಂದು ವಿವರಪಟ್ಟಿ ಸಲ್ಲಿಸುತ್ತಾರೆ. ಸಾಮಾನ್ಯ ಪದ್ಧತಿಯವರೂ 5 ಕೋಟಿ ರೂಪಾಯಿ ವಹಿವಾಟಿನವರೆಗೆ ವಿವರಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಕೊಟ್ಟು, ತೆರಿಗೆಯನ್ನು ಮಾತ್ರ ತಿಂಗಳಿಗೊಮ್ಮೆ ಕಟ್ಟಬಹುದು. ಕಾಗದಪತ್ರದ ಕೆಲಸ ಹೆಚ್ಚೆಂಬ ಒಂದೇ ಕಾರಣಕ್ಕೆ ಸಾಮಾನ್ಯ ಪದ್ಧತಿಗೆ ಅಂಜಬೇಕಾಗಿಲ್ಲ.

ಬೆಳೆಗಾರರ ವಿಷಯಕ್ಕೆ ಬಂದರೆ, ತಾವೇ ಬೆಳೆದದ್ದನ್ನು ಮಾರುವಷ್ಟರ ಮಟ್ಟಿಗೆ ಅವರಿಗೆ ಜಿಎಸ್‌ಟಿ ನೋಂದಣಿಯ ಹೊಣೆ ಇಲ್ಲ. ಕರಿಮೆಣಸನ್ನು ಒಣಗಿಸಿ ಮಾರಿದರೆ ತೆರಿಗೆ ಬೀಳುತ್ತದೆಯೇ ಎಂಬ ಗೊಂದಲ ಬಹುಕಾಲ ಇತ್ತು. ಕೃಷಿಕರೇ ಮಾರುವ ಹಸಿ ಅಥವಾ ಒಣ ಮೆಣಸಿಗೆ ಜಿಎಸ್‌ಟಿ ಇಲ್ಲವೆಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು.

ಹೋಂಸ್ಟೇಯ ಲೆಕ್ಕ

ಮೂರು ಕೋಣೆಯ ಹೋಂಸ್ಟೇ ನಡೆಸುವವರು ಬಹಳ ಮಂದಿ ಒಂದು ತಪ್ಪು ತಿಳಿವಳಿಕೆಯಿಂದ ಅನವಶ್ಯಕವಾಗಿ ನೋಂದಣಿ ಮಾಡಿಸಿಕೊಂಡಿದ್ದಾರೆ. ಆನ್‌ಲೈನ್ ಬುಕಿಂಗ್ ವೇದಿಕೆಗೆ ಸೇರಿದ ಮಾತ್ರಕ್ಕೆ ಜಿಎಸ್‌ಟಿ ಸಂಖ್ಯೆ ಇರಲೇಬೇಕೆಂದು ಅವರಿಗೆ ಯಾರೋ ಹೇಳಿರುತ್ತಾರೆ. ವಾಸ್ತವವಾಗಿ, ವಹಿವಾಟು 20 ಲಕ್ಷದೊಳಗಿರುವ ವಸತಿದಾರರ ಪರವಾಗಿ, ವೇದಿಕೆಯ ಮೂಲಕ ಬಂದ ಬುಕಿಂಗಿನ ಮೇಲಿನ ತೆರಿಗೆಯನ್ನು ಆ ವೇದಿಕೆಯೇ ವಸೂಲು ಮಾಡಿ ಕಟ್ಟಬೇಕೆಂಬುದು ಕಾನೂನು. ಚೆನ್ನೈಯ ಅತಿಥಿ ಬಂದರೆಂದು ಅದು ಅಂತರರಾಜ್ಯ ಸೇವೆಯಾಗುವುದೂ ಇಲ್ಲ. ಕೋಣೆ ಇರುವುದು ಕಕ್ಕಬ್ಬೆಯಲ್ಲಾದರೆ ಸೇವೆಯ ಸ್ಥಳವೂ ಕಕ್ಕಬ್ಬೆಯೇ.

20 ಲಕ್ಷ ದಾಟಿದ ಮೇಲಿನ ಆಯ್ಕೆ 2025ರ ಸೆಪ್ಟೆಂಬರ್ 22ರ ನಂತರ ಬಹಳ ಸುಲಭವಾಗಿದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಅದಕ್ಕೂ ಮೊದಲು ಶೇ 12ರಷ್ಟಿದ್ದ ದರ ಅಂದಿನಿಂದ ಶೇ 5ಕ್ಕೆ ಇಳಿದಿದೆ, ಅದಕ್ಕೆ ಪ್ರತಿಯಾಗಿ ಖರೀದಿಯ ಮೇಲಿನ ವಜಾ ನಿಂತಿದೆ. ಒಂದು ಕಡೆ ಅತಿಥಿಯಿಂದಲೇ ವಸೂಲು ಮಾಡಬಹುದಾದ ಶೇ 5, ಇನ್ನೊಂದು ಕಡೆ ಸ್ವಂತ ಜೇಬಿನಿಂದ ಕಟ್ಟಬೇಕಾದ ರಾಜಿ ತೆರಿಗೆಯ ಶೇ 6. ಮೇಲಾಗಿ ಬುಕಿಂಗ್ ವೇದಿಕೆಗಳ ಮೂಲಕ ಸೇವೆ ಕೊಡುವವರಿಗೆ ರಾಜಿ ತೆರಿಗೆಗೆ ಅವಕಾಶವೂ ಇಲ್ಲ. ಹೋಂಸ್ಟೇಗೆ ರಾಜಿ ತೆರಿಗೆಯನ್ನು ಸೂಚಿಸುವ ಸಲಹೆಗಾರರು ಹಳೆಯ ದರದ ಲೆಕ್ಕದಲ್ಲೇ ಇದ್ದಾರೆಂದು ತಿಳಿಯಬೇಕು.

ಹೋಂಸ್ಟೇಯವರನ್ನು ನಿಜವಾಗಿ ಸಿಕ್ಕಿಸಬಹುದಾದದ್ದು ತೋಟದ ಆದಾಯ. ಒಟ್ಟು ವಹಿವಾಟೆಂದರೆ ಒಂದೇ ಪ್ಯಾನ್ ಸಂಖ್ಯೆಯ ಮೇಲೆ ನಡೆದ ಎಲ್ಲ ಮಾರಾಟ ಎಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ತೆರಿಗೆ ಇಲ್ಲದ ಸರಕಿನ ಮಾರಾಟವೂ ಅದರಲ್ಲಿ ಸೇರುತ್ತದೆ. ಒಬ್ಬರೇ ಯಜಮಾನರ ಹೆಸರಿನಲ್ಲಿ 12 ಲಕ್ಷದ ಕಾಫಿಯೂ 10 ಲಕ್ಷದ ಹೋಂಸ್ಟೇ ಬಾಡಿಗೆಯೂ ಇದ್ದರೆ ಮೊತ್ತ 22 ಲಕ್ಷವಾಗುತ್ತದೆ. ಸ್ವಂತ ಬೆಳೆಯನ್ನು ಈ ಲೆಕ್ಕಕ್ಕೆ ಹಿಡಿಯಬಾರದೆಂಬ ವಾದವೂ ಇದೆಯಾದರೂ, ಆ ವಾದವನ್ನು ನೋಟಿಸು ಬಂದ ಮೇಲೆ ಮಂಡಿಸುವುದಕ್ಕಿಂತ, ಮಿತಿಯ ಹತ್ತಿರ ಬಂದ ವರ್ಷವೇ ತೆರಿಗೆ ಸಲಹೆಗಾರರಿಂದ ಬರೆಹದಲ್ಲಿ ಅಭಿಪ್ರಾಯ ಪಡೆದುಕೊಳ್ಳುವುದು ಕ್ಷೇಮ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ, ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರುವವರೂ ಉತ್ತರ ಕೊಡಬೇಕಾಯಿತು. ಮನೆಮಂದಿಯ ಹಣವೂ ಅಂಗಡಿಯ ಹಣವೂ ಒಂದೇ ಖಾತೆಗೆ ಬಂದು ಬೀಳುತ್ತಿದ್ದವರಿಗೆ ಯಾವುದು ಮಾರಾಟ, ಯಾವುದು ಅಲ್ಲ ಎಂದು ವರ್ಷಗಳ ಮೇಲೆ ಬಿಡಿಸಿ ತೋರಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಕ್ಯೂಆರ್ ಫಲಕಕ್ಕೆ ಒಂದು ಪ್ರತ್ಯೇಕ ಖಾತೆ ಇರಲಿ.

ಆದಾಯ ತೆರಿಗೆ: ಅಂದಾಜು ಲಾಭವೇ, ಪೂರ್ತಿ ಲೆಕ್ಕವೇ

ಗೋಣಿಕೊಪ್ಪಲಿನ ಒಂದು ಟೈಲರ್ ಅಂಗಡಿಯಲ್ಲಿ ಕಳೆದ ವರ್ಷ ಒಂದು ಸಂಜೆ ಕುಳಿತಿದ್ದೆ. ಯಜಮಾನರು ಹೊಲಿಗೆ ಯಂತ್ರದ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಅದರಲ್ಲಿ ದಾರದ ಬಿಲ್ಲು, ಕರೆಂಟು ಬಿಲ್ಲು, ಅರ್ಧ ಹೊಲಿದ ಕುಪ್ಯದ ಅಳತೆ ಬರೆದ ಚೀಟಿ, ಬ್ಯಾಂಕಿನಿಂದ ಸಾಲ ನಿರಾಕರಿಸಿ ಬಂದ ಪತ್ರ, ಎಲ್ಲವೂ ಒಂದರ ಮೇಲೊಂದು ಮಡಚಿಕೊಂಡಿದ್ದವು. ಅವರು ಐದು ಲಕ್ಷ ಕೇಳಿದ್ದರು. ಆದರೆ ಅವರ ಹಿಂದಿನ ಎರಡು ವರ್ಷಗಳ ಆದಾಯ ತೆರಿಗೆ ವಿವರಪಟ್ಟಿಯಲ್ಲಿದ್ದ ಲಾಭ ವರ್ಷಕ್ಕೆ 80,000 ರೂಪಾಯಿ ಮಾತ್ರ. ತೆರಿಗೆ ಬೀಳದಿದ್ದರೆ ಸಾಕೆಂದು ಯಾರೋ ಬರೆದುಕೊಟ್ಟ ಅಂಕಿ ಅದು. ನಿಜವಾದ ದುಡಿಮೆ ಅದಕ್ಕಿಂತ ಬಹಳ ಹೆಚ್ಚಾಗಿತ್ತೆಂದು ಡಬ್ಬಿಯಲ್ಲಿದ್ದ ಅಳತೆ ಚೀಟಿಗಳೇ ಹೇಳುತ್ತಿದ್ದವು.

ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಪದ್ಧತಿ ಇದೆ. ವರ್ಷಕ್ಕೆ 2 ಕೋಟಿ ರೂಪಾಯಿವರೆಗೆ, ನಗದು ಸ್ವೀಕೃತಿ ಶೇ 5 ಮೀರದಿದ್ದರೆ 3 ಕೋಟಿವರೆಗೆ, ವಹಿವಾಟಿರುವವರು ಪೂರ್ತಿ ಲೆಕ್ಕಪುಸ್ತಕ ಇಡದೆ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣದ ಶೇ 6 ಮತ್ತು ನಗದಿನ ಶೇ 8ನ್ನು ಲಾಭವೆಂದು ಘೋಷಿಸಬಹುದು. 18 ಲಕ್ಷ ಬಾಡಿಗೆ ಬರುವ ಹೋಂಸ್ಟೇಗೆ 12 ಲಕ್ಷ ಬ್ಯಾಂಕಿನ ಮೂಲಕ, 6 ಲಕ್ಷ ನಗದಾಗಿ ಬಂದರೆ ಅಂದಾಜು ಲಾಭ 72,000 ಮತ್ತು 48,000 ಸೇರಿ 1.20 ಲಕ್ಷ ರೂಪಾಯಿ. ಇದು ಕನಿಷ್ಠ ಪ್ರಮಾಣ. ಲಾಭ ಹೆಚ್ಚು ಬಂದಿದ್ದರೆ ಹೆಚ್ಚನ್ನೇ ತೋರಿಸಬೇಕು. 2025-26ರ ಆದಾಯದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಒಟ್ಟು ಆದಾಯಕ್ಕೆ ರಿಯಾಯಿತಿಯ ನಂತರ ತೆರಿಗೆಯೇ ಬರುವುದಿಲ್ಲ. ಹೀಗಿರುವಾಗ ನಾಲ್ಕು ಲಕ್ಷ ದುಡಿದವರು 1.20 ಲಕ್ಷವೆಂದು ಬರೆಸಿ ಉಳಿಸುವ ತೆರಿಗೆ ಒಂದು ರೂಪಾಯಿಯೂ ಇಲ್ಲ, ಕಳೆದುಕೊಳ್ಳುವ ಸಾಲ ಮಾತ್ರ ಲಕ್ಷಗಟ್ಟಲೆ. ಕೃಷಿ ಆದಾಯವಿದ್ದವರ ತೆರಿಗೆ ದರವನ್ನು ಲೆಕ್ಕ ಹಾಕುವಾಗ ಆ ಆದಾಯವನ್ನೂ ಸೇರಿಸಿ ನೋಡುವ ನಿಯಮವಿದೆ ಎಂಬುದನ್ನು ತೋಟದವರು ಮರೆಯಬಾರದು.

ಪೂರ್ತಿ ಲೆಕ್ಕ ಇಡುವ ಪದ್ಧತಿ ಯಾರಿಗೆ ಒಳ್ಳೆಯದು? ಸಾಲ ತೆಗೆದು ಯಂತ್ರ ಕೂರಿಸಿದ ಹೊಸ ಘಟಕಗಳಿಗೆ, ಏಕೆಂದರೆ ಬಡ್ಡಿಯನ್ನೂ ಯಂತ್ರದ ಸವಕಳಿಯನ್ನೂ ಖರ್ಚಿನಲ್ಲಿ ಕಳೆಯಬಹುದು. ಮಳೆಗಾಲದಲ್ಲಿ ನೆಲಕಚ್ಚುವ ವ್ಯವಹಾರಗಳಿಗೂ ಇದೇ ಒಳ್ಳೆಯದು, ಏಕೆಂದರೆ 2018ರಂಥ ವರ್ಷದ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯಲು ಅವಕಾಶ ಸಿಗುತ್ತದೆ. ಅಂದಾಜು ಪದ್ಧತಿಯಲ್ಲಿ ನಷ್ಟವೆಂಬುದೇ ಇಲ್ಲ. ಅಂದಾಜು ಪದ್ಧತಿಗೆ ಸೇರಿ ಐದು ವರ್ಷದೊಳಗೆ ಬಿಟ್ಟುಬಂದರೆ ಮತ್ತೆ ಐದು ವರ್ಷ ಅದರ ಬಾಗಿಲು ಮುಚ್ಚಿರುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ತಾವೇ ಬೆಳೆದ ಕಾಫಿಯನ್ನು ಮಾರುವವರಿಗೆ ಬೇರೆಯದೇ ಲೆಕ್ಕವಿದೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಅಥವಾ ಚೆರಿಯಾಗಿ (ಹಣ್ಣನ್ನೇ ಒಣಗಿಸಿದ್ದು) ಮಾರಿದರೆ ಬರುವುದೆಲ್ಲ ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ, ಅಂದರೆ ಹೊಟ್ಟು ಸುಲಿಸಿ ಬೀಜ ವಿಂಗಡಿಸಿ, ಮಾರಿದರೆ ಶೇ 25 ವ್ಯಾಪಾರದ ಆದಾಯವಾಗುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40 ವ್ಯಾಪಾರದ ಆದಾಯ, ಶೇ 60 ಕೃಷಿ ಆದಾಯ. ಸ್ವಂತ ಬ್ರ್ಯಾಂಡಿನ ಪುಡಿ ಮಾಡಲು ಹೊರಟ ಬೆಳೆಗಾರರು ಇದನ್ನು ಹೊರೆಯೆಂದು ಭಾವಿಸಿ ಹಿಂಜರಿಯುವುದನ್ನು ಕಂಡಿದ್ದೇನೆ. ಬ್ಯಾಂಕಿನ ದೃಷ್ಟಿಯಲ್ಲಿ ಆ ಶೇ 40 ಭಾಗವೇ ನಿಮ್ಮ ಉದ್ದಿಮೆಯ ಸಾಕ್ಷಿಯಾಗುತ್ತದೆ.

ಸಹಾಯಧನದ ಯೋಜನೆಗಳಲ್ಲಿ ಯಾವುದು

ಯಾವ ಯೋಜನೆಗೆ ಹೋಗುವುದಾದರೂ ಮೊದಲು ಸಣ್ಣ ಉದ್ದಿಮೆಯೆಂದು ಗುರುತಿಸಿಕೊಳ್ಳುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬೇಕು. ಆಧಾರ್ ಸಂಖ್ಯೆಯ ಮೇಲೆ ಸರ್ಕಾರದ ಜಾಲತಾಣದಲ್ಲೇ ಆಗುವ ಈ ನೋಂದಣಿಗೆ ಒಂದು ಪೈಸೆಯ ಶುಲ್ಕವೂ ಇಲ್ಲ. ಹೀಗಿದ್ದರೂ ನನ್ನ ಮನೆಯವರೊಬ್ಬರಿಂದಲೇ ಸರ್ಕಾರದ ಲಾಂಛನವನ್ನು ಹೋಲುವ ಚಿತ್ರ ಹಾಕಿಕೊಂಡಿದ್ದ ಒಂದು ಖಾಸಗಿ ಜಾಲತಾಣ ಸಾವಿರಾರು ರೂಪಾಯಿ ಕಿತ್ತುಕೊಂಡಿತ್ತು. ಹಣ ಕೇಳಿದ ಕೂಡಲೇ ಪುಟ ಮುಚ್ಚಿಬಿಡಿ. 2025ರ ಏಪ್ರಿಲ್‌ನಿಂದ ಯಂತ್ರೋಪಕರಣದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿವರೆಗಿನ ಉದ್ದಿಮೆಗಳೆಲ್ಲ ಅತಿಸಣ್ಣ ವರ್ಗಕ್ಕೇ ಸೇರುತ್ತವೆ, ಅಂದರೆ ಜಿಲ್ಲೆಯ ಬಹುಪಾಲು ಉದ್ದಿಮೆಗಳು ಇದರೊಳಗೆ ಬರುತ್ತವೆ. ತಯಾರಕರಿಗೂ ಸೇವೆಯವರಿಗೂ ಇದರಿಂದ ಇನ್ನೊಂದು ಉಪಯೋಗವಿದೆ: ಸರಕು ಕೊಂಡ ರೆಸಾರ್ಟು ಅಥವಾ ಕಂಪನಿ ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಹಣ ತಡೆಹಿಡಿಯುವಂತಿಲ್ಲ, ತಡವಾದರೆ ಸಮಾಧಾನ್ ಜಾಲತಾಣದಲ್ಲಿ ದೂರು ಕೊಟ್ಟು ಬಡ್ಡಿ ಸಹಿತ ಕೇಳಬಹುದು.

ಆಹಾರ ಸಂಸ್ಕರಣೆಯ ಘಟಕಕ್ಕೆ ಎರಡು ಯೋಜನೆಗಳು ಎದುರುಬದುರಾಗಿ ನಿಲ್ಲುತ್ತವೆ. ಪಿಎಂಇಜಿಪಿ ಎಂದು ಕರೆಯುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಹೊಸ ಘಟಕಗಳಿಗಾಗಿ ಇರುವಂಥದ್ದು. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ, ಸಾಮಾನ್ಯ ವರ್ಗದವರಿಗೆ ಪಟ್ಟಣದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಹಾಯಧನವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಅಂಗವಿಕಲರು ಮತ್ತು ಮಾಜಿ ಸೈನಿಕರಿಗೆ ಇದು ಪಟ್ಟಣದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಅವರ ಸ್ವಂತ ವಂತಿಗೆಯೂ ಶೇ 10ರ ಬದಲು ಶೇ 5. ಮನೆಮನೆಯಲ್ಲೂ ಸೇನೆಗೆ ಹೋಗಿಬಂದವರಿರುವ ಈ ಜಿಲ್ಲೆಯಲ್ಲಿ ಮಾಜಿ ಸೈನಿಕರೆಂಬ ಒಂದು ಪದ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಅರ್ಜಿ ಹಾಕುವವರೇ ಗಮನಿಸದೆ ಸಾಮಾನ್ಯ ವರ್ಗವೆಂದು ಗುರುತು ಹಾಕಿಬಿಡುತ್ತಾರೆ. ಕಾಫಿ ಬೆಳೆಯುವ ಕೆಲಸ ಈ ಯೋಜನೆಗೆ ಬರುವುದಿಲ್ಲ, ಅದರ ಮೌಲ್ಯವರ್ಧನೆ ಬರುತ್ತದೆ. ಮದ್ಯ ಮಾರುವ ಅಥವಾ ಬಡಿಸುವ ವ್ಯವಹಾರ ಬರುವುದಿಲ್ಲ.

ಇನ್ನೊಂದು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ. ಇದರಲ್ಲಿ ಕೇಂದ್ರದ ಶೇ 35ಕ್ಕೆ ಕರ್ನಾಟಕ ಸರ್ಕಾರ ತನ್ನ ಶೇ 15 ಸೇರಿಸುವುದರಿಂದ ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆ. ಸ್ವಂತ ವಂತಿಗೆ ಶೇ 10. ಈಗಾಗಲೇ ನಡೆಯುತ್ತಿರುವ ಘಟಕವನ್ನು ವಿಸ್ತರಿಸಲೂ ಇದನ್ನು ಬಳಸಬಹುದು, ಪಿಎಂಇಜಿಪಿಯಲ್ಲಿ ಮೊದಲ ಸಾಲಕ್ಕೆ ಆ ಅವಕಾಶವಿಲ್ಲ. ಒಂದು ಜಿಲ್ಲೆ ಒಂದು ಉತ್ಪನ್ನದಡಿ ಕೊಡಗಿಗೆ ಗುರುತಿಸಿರುವುದು ಕಾಫಿಯನ್ನೇ.

ಹಳ್ಳಿಯಲ್ಲಿ 20 ಲಕ್ಷ ರೂಪಾಯಿಯ ಕಾಫಿ ಹುರಿಯುವ ಘಟಕ ಎಂದಿಟ್ಟುಕೊಳ್ಳಿ. ಪಿಎಂಇಜಿಪಿಯಲ್ಲಿ ಸಾಮಾನ್ಯ ವರ್ಗದ ಒಬ್ಬ ಯುವಕನಿಗೆ 5 ಲಕ್ಷ, ಮಾಜಿ ಸೈನಿಕರಿಗೆ 7 ಲಕ್ಷ ಸಹಾಯಧನವಾದರೆ, ಪಿಎಂಎಫ್‌ಎಂಇಯಲ್ಲಿ ಇಬ್ಬರಿಗೂ 10 ಲಕ್ಷ. ಹಾಗಾದರೆ ಆಹಾರದ ಘಟಕಕ್ಕೆ ಪಿಎಂಎಫ್‌ಎಂಇಯೇ ಸರಿ ಎಂದು ಸುಲಭವಾಗಿ ತೀರ್ಮಾನಿಸಬಹುದು; ಬಹುತೇಕರಿಗೆ ಅದು ಸರಿಯೂ ಹೌದು. ಆದರೆ ಕೈಯಲ್ಲಿ 1 ಲಕ್ಷ ಮಾತ್ರ ಇರುವ ಮಾಜಿ ಸೈನಿಕರಿಗೆ ಪಿಎಂಎಫ್‌ಎಂಇಯ 2 ಲಕ್ಷದ ಸ್ವಂತ ವಂತಿಗೆಯನ್ನು ಹೊಂದಿಸಲು ಕೈಸಾಲ ಮಾಡುವುದಕ್ಕಿಂತ ಪಿಎಂಇಜಿಪಿಯೇ ಮೇಲಾಗಬಹುದು. ಚಾಕೊಲೇಟ್, ಜೇನು, ಉಪ್ಪಿನಕಾಯಿ ಮಾಡುವವರಿಗೆ ಪಿಎಂಎಫ್‌ಎಂಇ; ಮರಗೆಲಸದ ಕಾರ್ಖಾನೆ, ವಾಹನ ರಿಪೇರಿ, ಬೇರೆ ಸೇವೆಗಳಿಗೆ ಪಿಎಂಇಜಿಪಿ.

ಈ ಎರಡರಲ್ಲೂ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಂತೆ ಇದ್ದು, ಘಟಕ ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. 10 ಲಕ್ಷ ಉಚಿತವಾಗಿ ಬರುತ್ತದೆಂದು ನಂಬಿ ಮನೆ ರಿಪೇರಿಗೆ ಮುಂಗಡ ಕೊಟ್ಟವರನ್ನು ನಾನು ಬಲ್ಲೆ. ಎರಡೂ ಯೋಜನೆಗಳನ್ನು 2025-26ರ ವರೆಗಿನ ಅವಧಿಗೆ ಮಂಜೂರು ಮಾಡಲಾಗಿತ್ತು. ಆದ್ದರಿಂದ ಯೋಜನಾ ವರದಿಗೆ ಹಣ ಖರ್ಚು ಮಾಡುವ ಮೊದಲು ಆಯಾ ಯೋಜನೆಯ ಜಿಲ್ಲಾ ಕಚೇರಿಯಲ್ಲಿ (ಪಿಎಂಇಜಿಪಿಗೆ ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರ) ಈ ವರ್ಷದ ಗುರಿ ತೆರೆದಿದೆಯೇ ಎಂದು ವಿಚಾರಿಸುವುದು ಅಗತ್ಯ.

ಸಣ್ಣ ಮೊತ್ತದ ಸಾಲಗಳು, ಮತ್ತು ಯಾವುದು ಮೊದಲು ಎಂಬ ಪ್ರಶ್ನೆ

ನಾಪೋಕ್ಲಿನಲ್ಲಿ ಕತ್ತಿ, ಕೊಡಲಿ, ಮದುವೆಗೆ ಬೇಕಾದ ಪೀಚೆಕತ್ತಿ ಮಾಡುವ ಕಮ್ಮಾರರಿಗೂ, ಕೊಡವ ಆಭರಣ ಮಾಡುವ ಅಕ್ಕಸಾಲಿಗರಿಗೂ, ಬಡಗಿ, ಟೈಲರ್, ಗಾರೆಯವರು, ಕ್ಷೌರಿಕರು, ಬುಟ್ಟಿ ಹೆಣೆಯುವವರಿಗೂ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ಒಟ್ಟು 18 ಕಸುಬುಗಳು ಅದರಲ್ಲಿವೆ. ತರಬೇತಿಯ ಅವಧಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಅಡಮಾನವಿಲ್ಲದೆ ಮೊದಲು 1 ಲಕ್ಷ, ನಂತರ 2 ಲಕ್ಷ ಸಾಲ, ಬಡ್ಡಿ ಶೇ 5. ಮುದ್ರಾ ಸಾಲದಲ್ಲಿ ಸಹಾಯಧನವಿಲ್ಲ, ಬಡ್ಡಿಯನ್ನು ಆಯಾ ಬ್ಯಾಂಕೇ ನಿಗದಿ ಮಾಡುತ್ತದೆ; ಶಿಶು ವರ್ಗದಲ್ಲಿ 50,000, ಕಿಶೋರದಲ್ಲಿ 5 ಲಕ್ಷ, ತರುಣದಲ್ಲಿ 10 ಲಕ್ಷ, ತರುಣ ಸಾಲವನ್ನು ತೀರಿಸಿದವರಿಗೆ 20 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಬಡ್ಡಿಯನ್ನು ಮಾತ್ರ ನೋಡಿದರೆ ವಿಶ್ವಕರ್ಮಕ್ಕೆ ಸಾಟಿ ಇಲ್ಲ. ಆದರೆ ಅದರ ಮೊದಲ 1 ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕಾದ್ದರಿಂದ ಕಂತು ತಿಂಗಳಿಗೆ ಸುಮಾರು 5,800 ರೂಪಾಯಿ ಬೀಳುತ್ತದೆ. ಅದೇ 1 ಲಕ್ಷವನ್ನು ಶೇ 11ರ ಬಡ್ಡಿಗೆ ಮೂರು ವರ್ಷದ ಮುದ್ರಾ ಸಾಲವಾಗಿ ಪಡೆದರೆ ಕಂತು ಸುಮಾರು 3,300. ಒಟ್ಟು ಬಡ್ಡಿ ಮೊದಲನೆಯದರಲ್ಲಿ 4,000 ರೂಪಾಯಿಯ ಆಸುಪಾಸು, ಎರಡನೆಯದರಲ್ಲಿ 18,000ದ ಹತ್ತಿರ. ವಿಶ್ವಕರ್ಮದಲ್ಲಿ ಉಳಿಯುವುದು ಕಡಿಮೆಯೇನಲ್ಲ, ಆದರೆ ಜುಲೈ ತಿಂಗಳಲ್ಲಿ 5,800 ರೂಪಾಯಿ ಹೊಂದಿಸಲಾಗದೆ ಕಂತು ತಪ್ಪಿದರೆ ಮುಂದಿನ 2 ಲಕ್ಷದ ಬಾಗಿಲೇ ಮುಚ್ಚುತ್ತದೆ. ಕೊಯ್ಲಿಗೆ ಮೊದಲು, ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಸಾಲ ತೆಗೆದರೆ 18 ಕಂತುಗಳೊಳಗೆ ಒಂದೇ ಮಳೆಗಾಲ ಬರುತ್ತದೆ. ಮೇ ತಿಂಗಳಲ್ಲಿ ತೆಗೆದರೆ ಎರಡು ಮಳೆಗಾಲಗಳನ್ನು ದಾಟಬೇಕು. ತಿಂಗಳ ಆಯ್ಕೆಯೂ ಯೋಜನೆಯ ಆಯ್ಕೆಯಷ್ಟೇ ಮುಖ್ಯವಾಗುವುದು ಹೀಗೆ.

ಅನುಕ್ರಮದ ಬಗ್ಗೆಯೂ ಎಚ್ಚರ ಬೇಕು. ಕಳೆದ ಐದು ವರ್ಷಗಳಲ್ಲಿ ಪಿಎಂಇಜಿಪಿ, ಮುದ್ರಾ ಅಥವಾ ರಸ್ತೆಬದಿ ವ್ಯಾಪಾರಿಗಳ ಸ್ವನಿಧಿ ಸಾಲ ಪಡೆದವರಿಗೆ ವಿಶ್ವಕರ್ಮ ಸಿಗುವುದಿಲ್ಲ. ಮುದ್ರಾ ಮತ್ತು ಸ್ವನಿಧಿಯನ್ನು ಪೂರ್ತಿ ತೀರಿಸಿದ್ದರೆ ಮಾತ್ರ ವಿನಾಯಿತಿ. ಕುಟುಂಬಕ್ಕೆ ಒಬ್ಬರೇ ಫಲಾನುಭವಿ. ಆದ್ದರಿಂದ ಈ 18 ಕಸುಬಿನವರು ಬೇರೆ ಯಾವ ಸಾಲಕ್ಕೂ ಕೈಹಾಕುವ ಮೊದಲು ವಿಶ್ವಕರ್ಮಕ್ಕೇ ಅರ್ಜಿ ಹಾಕಬೇಕು.

ಕಡಿಮೆ ಆದಾಯದ ಕುಟುಂಬದ ಮಹಿಳೆಯರಿಗೆ ರಾಜ್ಯದ ಉದ್ಯೋಗಿನಿ ಯೋಜನೆಯನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಗರಿಷ್ಠ 3 ಲಕ್ಷ ರೂಪಾಯಿ ಸಾಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50, ಅಂದರೆ 1.5 ಲಕ್ಷದವರೆಗೆ, ಇತರರಿಗೆ ಶೇ 30, ಅಂದರೆ 90,000ದವರೆಗೆ ಸಹಾಯಧನವಿದೆ. ಕುಟುಂಬದ ವಾರ್ಷಿಕ ಆದಾಯ ಪರಿಶಿಷ್ಟರಿಗೆ 2 ಲಕ್ಷ, ಇತರರಿಗೆ 1.5 ಲಕ್ಷ ಮೀರಿರಬಾರದು. ಹೊಲಿಗೆ ಕಲಿತ ಮಹಿಳೆಗೆ ಆದಾಯದ ಮಿತಿ ಅಡ್ಡಬಾರದಿದ್ದರೆ ವಿಶ್ವಕರ್ಮದ ಶೇ 5 ಬಡ್ಡಿಗಿಂತ ಇದೇ ಹೆಚ್ಚು ಉಳಿತಾಯ. ಆದರೆ ಆಯ್ಕೆ ಸಮಿತಿಯ ಪಟ್ಟಿಯಲ್ಲಿ ಹೆಸರು ಬರುವವರೆಗೆ ಕಾಯುವ ತಾಳ್ಮೆ ಬೇಕು. ಮಡಿಕೇರಿ, ಕುಶಾಲನಗರದ ರಸ್ತೆಬದಿಯ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಕು: 2025ರ ಪರಿಷ್ಕರಣೆಯ ನಂತರ 15,000, ಅದು ತೀರಿದ ಮೇಲೆ 25,000, ಆಮೇಲೆ 50,000 ರೂಪಾಯಿ, ಸಕಾಲಕ್ಕೆ ಕಟ್ಟಿದವರಿಗೆ ಶೇ 7 ಬಡ್ಡಿ ಸಹಾಯಧನ.

ಅಡಮಾನ ಕೇಳಿದಾಗ

ಕೊಡಗಿನವರು ಬ್ಯಾಂಕಿನ ಮೇಜಿನ ಮುಂದೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಹಿರಿಯರ) ಜತೆಗೆ ಐನ್‌ಮನೆಯ (ಕುಲದ ಮೂಲಮನೆಯ) ಹತ್ತಾರು ಜನರ ಹೆಸರಿರುವ, ತಲೆತಲಾಂತರದಿಂದ ಬಂದ ಜಮ್ಮಾ ಜಾಗವನ್ನು ಒಬ್ಬರ ಉದ್ದಿಮೆಗಾಗಿ ಅಡವಿಡಲು ಎಲ್ಲರ ಒಪ್ಪಿಗೆ ಬೇಕು, ಅಷ್ಟು ಸಹಿಗಳು ಒಂದೆಡೆ ಸೇರುವುದು ಕಷ್ಟ. ಹೀಗಾಗಿ ಹತ್ತು ಎಕರೆ ತೋಟವಿದ್ದರೂ ಹತ್ತು ಲಕ್ಷ ಸಾಲ ಹುಟ್ಟದ ಪರಿಸ್ಥಿತಿ ಬರುತ್ತದೆ. ಸಣ್ಣ ಉದ್ದಿಮೆಗಳ ಸಾಲಕ್ಕೆ 2026ರ ಏಪ್ರಿಲ್ 1ರಿಂದ 20 ಲಕ್ಷ ರೂಪಾಯಿವರೆಗೆ (ಅದಕ್ಕೂ ಮೊದಲು 10 ಲಕ್ಷ) ಬ್ಯಾಂಕುಗಳು ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಅದಕ್ಕೂ ಮೇಲಿನ ಮೊತ್ತಕ್ಕೆ ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಖಾತರಿ ನಿಧಿ ಬ್ಯಾಂಕಿಗೆ ಜಾಮೀನು ನಿಲ್ಲುತ್ತದೆ. ಅದಕ್ಕೆ ವಾರ್ಷಿಕ ಶುಲ್ಕವಿದ್ದರೂ, ಜಾಗದ ಮೇಲೆ ಋಣಭಾರ ಬರೆಸುವ ಖರ್ಚು, ದಾಯಾದಿಗಳ ಅಸಮಾಧಾನ ಎರಡೂ ತಪ್ಪುತ್ತವೆ. ತೋಟದ ಪತ್ರ ತನ್ನಿ ಎಂದು ಶಾಖೆಯಲ್ಲಿ ಹೇಳಿದರೆ, ಖಾತರಿ ನಿಧಿಯಡಿ ಏಕೆ ಪರಿಗಣಿಸಲಾಗದೆಂದು ಬರೆದುಕೊಡುವಂತೆ ವಿನಯದಿಂದ ಕೇಳಿ, ಉತ್ತರ ಬಾರದಿದ್ದರೆ ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಅರ್ಜಿಯ ಪ್ರತಿಯನ್ನು ಕಳುಹಿಸಿ.

ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಮರುಪಾವತಿಯ ಪಟ್ಟಿಯನ್ನು ಕೇಳಿ ಪಡೆದು, ಅದರಲ್ಲಿರುವ ಜೂನ್, ಜುಲೈ, ಆಗಸ್ಟ್ ತಿಂಗಳ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಕಂತು ಆರಂಭಕ್ಕೆ ಮೊದಲು ಬ್ಯಾಂಕು ಕೊಡುವ ಬಿಡುವಿನ ಅವಧಿಯನ್ನು ಮಳೆಗಾಲ ಮುಗಿಯುವವರೆಗೆ ಹೊಂದಿಸಲು ಸಾಧ್ಯವೇ, ತಿಂಗಳ ಕಂತಿನ ಬದಲು ಕೊಯ್ಲಿನ ತಿಂಗಳುಗಳಲ್ಲಿ ಹೆಚ್ಚು ಕಟ್ಟುವಂತೆ ಪಟ್ಟಿ ಮಾಡಬಹುದೇ ಎಂಬುದನ್ನು ಸಹಿಗೆ ಮುಂಚೆಯೇ ಕೇಳಬೇಕು. ಸಹಿಯಾದ ಮೇಲೆ ಅದೇ ಮಾತು ಸಾಲದ ಮರುಹೊಂದಾಣಿಕೆಯ ಅರ್ಜಿಯಾಗಿಬಿಡುತ್ತದೆ.